ಭಾವ ಕಟ್ಟಿದ ಮೂಟೆ

ನಮ್ಮ ಭಾವ ಮೂರು ವರ್ಷದಿಂದ ಒಂದೇ ಒಂದು ಮೂಟೆ ಕಟ್ಟುತ್ತಿದ್ದಾರೆ ಎಂದರೆ ನೀವು ನಂಬಬೇಕು! ಸೋಮಾರಿ ಎಂದುಕೊಂಡೀರಿ, ಜೋಕೆ. ಬೆಳಗೋಡಿನ ಹತ್ತಿರದ ಎಸ್ಟೇಟೊಂದರಲ್ಲಿ ಅವರು ಸ್ಟೋರ್ ನೋಡಿಕೊಳ್ಳುವವರು. ಕಾಫಿ ಮೂಟೆಯಾದರೆ ನಿಂತ ನಿಲುವಿನಲ್ಲೇ ನೂರು ಕಟ್ಟಿಸಿ ಲಾರಿಗೆ ಹತ್ತಿಸಿಬಿಡುತ್ತಾರೆ. ಇದು ಮಾತ್ರ ಕಂಪ್ಯೂಟರಿನೊಳಗಿನ ಮೂಟೆ.

ವೆಬ್‌ಸೈಟ್ ಮಾಡುವವರು ಎಲ್ಲವನ್ನೂ ಮೊದಲಿನಿಂದ ಬರೆಯುವುದಿಲ್ಲ. ಒತ್ತುವ ಗುಂಡಿ, ತೆರೆದುಕೊಳ್ಳುವ ಪಟ್ಟಿ, ಜಾರುವ ಚಿತ್ರ ಇವನ್ನೆಲ್ಲ ಯಾರೋ ಪುಣ್ಯಾತ್ಮರು ಬರೆದು ಲೈಬ್ರರಿ ಎಂಬ ಹೆಸರಿನಲ್ಲಿ ಇಟ್ಟಿರುತ್ತಾರೆ. ಆಲೂರಿನಲ್ಲಿ ಕೂತು ಹೋಮ್‌ಸ್ಟೇಗಳಿಗೆ ವೆಬ್‌ಸೈಟ್ ಮಾಡಿಕೊಡುವ ನನ್ನಂಥವರು ಎತ್ತಿಕೊಂಡು ಬಳಸುತ್ತೇವೆ. ಆದರೆ ಅದೇ ಲೈಬ್ರರಿ, ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ ಲಿನಕ್ಸ್ ಎಂಬ, ಕಂಪ್ಯೂಟರ್ ನಡೆಸುವ ತಂತ್ರಾಂಶದ ಜೊತೆಯಲ್ಲೇ ಬರಬೇಕಾದರೆ, ಯಾರಾದರೂ ಅದನ್ನು ಲಿನಕ್ಸ್‌ನವರ ಕಟ್ಟುಪಾಡಿನ ಪ್ರಕಾರ ಪ್ಯಾಕೇಜ್ ಮಾಡಿ, ಅಂದರೆ ಮೂಟೆ ಕಟ್ಟಿ, ಒಪ್ಪಿಸಬೇಕು. ಸಂಬಳವಿಲ್ಲ, ಸಾರಿಗೆಯಿಲ್ಲ. ಅಂಥ ಹುಚ್ಚರು ದೇಶದೇಶಗಳಲ್ಲಿ ಇದ್ದಾರಂತೆ. ನಮ್ಮ ತಾಲ್ಲೂಕಿನ ಪಾಲಿಗೆ ಬಂದವರು ಭಾವ!

ಹೋದ ವರ್ಷ ಸಕಲೇಶಪುರದ ಮದುವೆಯೊಂದರಲ್ಲಿ, ಊಟದ ಪಂಕ್ತಿಯಲ್ಲಿ ಪಕ್ಕದ ಹಿರಿಯರು ಭಾವನನ್ನು ಕೇಳಿದರು. "ಸ್ಟೋರ್ ಬುಟ್ರೆ ಬೇರೆ ಏನ್ ಮಾಡ್ಕಂಡಿದೀರಿ?"

"ಪ್ಯಾಕೇಜ್ ಮಾಡ್ತೀನಿ."

"ಯಾರ್ ಹೇಳಿದ್ರು ಮಾಡಕ್ಕೆ?"

"ಯಾರೂ ಹೇಳಿಲ್ಲ."

"ಮತ್ತೆ ಯಾರಿಗ್ ಕಳಿಸ್ತೀರಿ?"

"ಯಾರಿಗ್ ಬೇಕೋ ಅವ್ರಿಗೆ. ಯಾರು ಅಂತ ನಂಗೂ ಗೊತ್ತಿಲ್ಲ."

ಹಿರಿಯರು ತಮ್ಮ ಎಲೆಯನ್ನು ಒಂದು ಗೇಣು ಆಚೆಗೆ ಎಳೆದುಕೊಂಡು ಊಟ ಮುಂದುವರಿಸಿದರು.

ಇದಕ್ಕೆಲ್ಲ ಕಾರಣ ಬಿಸಿಲೆ ಕಡೆಯ ಶಾಲೆಯ ಒಬ್ಬ ಟೀಚರ್. ಅವರ ಶಾಲೆಯ ಕಂಪ್ಯೂಟರುಗಳಲ್ಲಿ ಲಿನಕ್ಸ್ ಇದೆ, ನೆಟ್ ಇಲ್ಲ. ಮಕ್ಕಳಿಗೆ ವೆಬ್ ಪುಟ ಮಾಡುವುದನ್ನು ಕಲಿಸೋಣವೆಂದರೆ ಈ ಲೈಬ್ರರಿ ಸಿಗುವುದಿಲ್ಲ ಎಂದು ಅವರು ಭಾವನ ಹತ್ತಿರ ಹೇಳಿಕೊಂಡರು. ನಾನು ಬುದ್ಧಿವಂತನ ಹಾಗೆ, "ಪೆನ್‌ಡ್ರೈವ್‌ನಲ್ಲಿ ಕಾಪಿ ಮಾಡಿ ಕೊಟ್ರೆ ಆಯ್ತಲ್ಲ ಭಾವ?" ಎಂದೆ.

"ಅದ್ನ ನೆನ್ನೇನೇ ಕೊಟ್ಟೆ ಕಣೋ. ಈ ಸ್ಕೂಲಿಗೆ ನಾನಿದೀನಿ. ನೆಟ್ ಬರ್ದಿರೋ ಬೇರೆ ಸ್ಕೂಲ್‌ಗಳಿಗೆ ಯಾರವ್ರೆ?"

 

ಶುರುವಾಯಿತು ನೋಡಿ! ಈ ಲೈಬ್ರರಿಯನ್ನು ಒಳಗೆ ಬಿಡಬೇಕಾದರೆ ಅದು ನೆಚ್ಚಿಕೊಂಡ ಇನ್ನೊಂದು ಲೈಬ್ರರಿ ಮೊದಲೇ ಒಳಗಿರಬೇಕು. ಅದು ನೆಚ್ಚಿಕೊಂಡ ಮತ್ತೊಂದು ಅದಕ್ಕಿಂತ ಮೊದಲು! ಒಂದು ಹುಡುಗಿಯ ಮದುವೆಗೆಂದು ಹೊರಟು ಅವಳ ಹದಿನಾಲ್ಕು ಜನ ಅಕ್ಕಂದಿರಿಗೆ ಗಂಡು ಹುಡುಕಿದ ಹಾಗಾಯಿತು ಭಾವನ ಪಾಡು. ಅದರಲ್ಲೊಂದರ ಕೆಲಸವೆಂದರೆ ಅಕ್ಷರಗಳ ಎಡಗಡೆ ಒಂದಿಷ್ಟು ಖಾಲಿ ಜಾಗ ಬಿಡುವುದು, ಅಷ್ಟೇ! ಅದಕ್ಕೇ ಮೂರು ದಿನ ಹಿಡಿಯಿತು.

"ಮೂರು ದಿನ ಬೇಕೇನ್ರೀ? ನಾನಾಗಿದ್ರೆ ಸ್ಕೇಲ್ ಇಟ್ಟು ಮಾರ್ಜಿನ್ ಹಾಕ್ಬುಡ್ತಿದ್ದೆ!" ಎಂದಳು ನಮ್ಮಕ್ಕ.

ಆಮೇಲೆ ಇನ್ನೊಂದು ಫೈಲು ಸಿಕ್ಕಿತು. ಜಾಗ ಉಳಿಸಲೆಂದು ಸಾಲುಗಳನ್ನೆಲ್ಲ ಅದುಮಿ ಒಂದೇ ಗಂಟು ಮಾಡಿದ್ದು. ಮನುಷ್ಯಮಾತ್ರರು ಓದುವಂತಿರಲಿಲ್ಲ, ಕೆಲಸ ಮಾತ್ರ ಮಾಡುತ್ತಿತ್ತು. "ಕೆಲ್ಸ ಮಾಡ್ತದಲ್ಲ ಭಾವ, ಸೇರಿಸಿಬಿಡಿ" ಎಂದೆ.

"ಪುಡಿ ತಂದ್ಕೊಟ್ರೆ ನಾನು ಸ್ಟೋರಿಗೆ ಸೇರಿಸ್ತೀನೇನೋ ಮಾರಾಯ? ಒಳಗೆ ಎಷ್ಟು ಚಿಕೋರಿ ಐತೆ ಅಂತ ಯಾವನಿಗ್ಗೊತ್ತು? ಮೊದ್ಲು ಬೀಜ ತೋರ್ಸು!"

ಬೀಜ, ಅಂದರೆ ಮೂಲ ಬರಹ, ಹುಡುಕಿ ತೆಗೆಯಲು ಒಂದು ತಿಂಗಳಾಯಿತು.

ಅಷ್ಟರಲ್ಲಿ ಲಿನಕ್ಸ್‌ನವರು ಹೊಸ ಆವೃತ್ತಿಗೆ ಬಾಗಿಲು ಹಾಕುವ ದಿನ ಹತ್ತಿರ ಬಂತು. ಅದರೊಳಗೆ ಸೇರಿದರೆ ಸರಿ, ತಪ್ಪಿದರೆ ಇನ್ನೆರಡು ವರ್ಷ ಕಾಯಬೇಕು. ಒಂಬತ್ತು ದಿನ ಇರುವಾಗ ದೂರದೇಶದ ಪರೀಕ್ಷಕರು ಭಾವನ ಪ್ಯಾಕೇಜನ್ನು ಒಪ್ಪಿದರು. ಅಕ್ಕ ಪಾಯಸ ಮಾಡಿದಳು. ಭಾವ ಪಾಯಸ ಕುಡಿಯುತ್ತ ಸುಮ್ಮನೆ ಇನ್ನೊಮ್ಮೆ ಫೈಲುಗಳ ಮೇಲೆ ಕಣ್ಣಾಡಿಸಿದರು. ಒಂದು ಮೂಲೆಯಲ್ಲಿ ನಲವತ್ತು ಸಾಲಿನ ಫೈಲು. ಪಟ್ಟಿ ದಡಕ್ಕನೆ ಬಿಚ್ಚಿಕೊಳ್ಳದೆ ಮೆಲ್ಲಗೆ ತೆರೆದುಕೊಳ್ಳುವಂತೆ ಮಾಡುವುದು ಅದರ ಕೆಲಸ. ಬೇರೆ ಯಾರೋ ಬರೆದದ್ದು, ಮೇಲೆ ಎರಡಕ್ಷರದ ಗುರುತು ಬಿಟ್ಟರೆ ಹೆಸರಿಲ್ಲ, ಬಳಸಲು ಅನುಮತಿಯೂ ಇಲ್ಲ. ಪರೀಕ್ಷಕರ ಕಣ್ಣಿಗೂ ಬಿದ್ದಿರಲಿಲ್ಲ. ಭಾವ ಲೋಟ ಕೆಳಗಿಟ್ಟವರೇ, ತಪ್ಪು ನನ್ನದು, ಪ್ಯಾಕೇಜ್ ವಾಪಸ್ ಕಳಿಸಿ ಎಂದು ಬರೆದುಬಿಟ್ಟರು!

ಅವರು ಅಂಥವರೇ. ಒಮ್ಮೆ ಒಂದು ಮೂಟೆಗೆ ಪಕ್ಕದ ತೋಟದ ಚೀಟಿ ಅಂಟಿಸಿದ್ದು ನೆನಪಾಗಿ, ಹೊರಟ ಲಾರಿಯನ್ನು ಸ್ಕೂಟರಿನಲ್ಲಿ ಆನೇಮಹಲ್‌ವರೆಗೆ ಅಟ್ಟಿಸಿಕೊಂಡು ಹೋಗಿದ್ದರು. ಯಾರಿಗೋ ಗುದ್ದಿಬಿಟ್ಟೆನೇನೋ ಎಂದು ಹೆದರಿ ಡ್ರೈವರ್ ಇನ್ನೂ ಜೋರಾಗಿ ಓಡಿಸಿದನಂತೆ!

"ನಲವತ್ತೇ ಸಾಲು ಭಾವ. ಕಿತ್ತು ಹಾಕಿ ನೀವೇ ಬರೆದುಬಿಡಿ" ಎಂದು ನಾನು ಗೋಗರೆದೆ.

"ಬರೆದೋನು ಒಬ್ಬ ಅವ್ನೆ ಕಣೋ. ಅವನ್ನ ಒಂದು ಮಾತು ಕೇಳ್ದೆ ಕಿತ್ತಾಕದು ಹೆಂಗೆ?"

ಸಿಕ್ಕ ಹಳೆಯ ವಿಳಾಸಗಳಿಗೆಲ್ಲ ಮೇಲ್ ಹಾಕಿದರು. ಉತ್ತರವಿಲ್ಲ. ಒಂಬತ್ತನೆಯ ದಿನ ಬಾಗಿಲು ಹಾಕಿತು. ಭಾವ ಎಂದಿನಂತೆ ಸ್ಟೋರಿಗೆ ಹೋದರು. ಅವತ್ತು ಅಕ್ಕ ಕೂಡ ಅವರನ್ನು ರೇಗಿಸಲಿಲ್ಲ.

ಮೂರು ವಾರ ಕಳೆದು ಒಂದು ಭಾನುವಾರ ಬೆಳಿಗ್ಗೆ ನಾನು ಅವರ ಮನೆಯಲ್ಲಿದ್ದಾಗಲೇ ಉತ್ತರ ಬಂತು. ಬರೆದವರು ಆ ಲೇಖಕರ ಮಗಳು. ಅದು ನಮ್ಮ ತಂದೆ ಬರೆದದ್ದು, ಅವರೀಗ ಇಲ್ಲ, ಧಾರಾಳವಾಗಿ ಬಳಸಿ ಎಂದು, ಅವರ ಪೂರ್ತಿ ಹೆಸರನ್ನೂ ಕೊಟ್ಟಿದ್ದರು. ಕೊನೆಗೆ ಒಂದು ಸಾಲು: ಅವರ ಹೆಸರು ಏನು ಎಂದು ಇದುವರೆಗೆ ಯಾರೂ ಕೇಳಿರಲಿಲ್ಲ.

ಆ ನಲವತ್ತು ಸಾಲು ನಾನು ಮಾಡಿದ ಒಂದೊಂದು ವೆಬ್‌ಸೈಟಿನಲ್ಲೂ ಇದೆ. ಎಷ್ಟು ವರ್ಷದಿಂದ ಆ ಮನುಷ್ಯನ ಕೆಲಸದಲ್ಲಿ ಅನ್ನ ತಿಂದಿದ್ದೇನೆ! ಒಮ್ಮೆಯಾದರೂ ಕೇಳಿದ್ದೆನೇ? ನನಗೆ ನಿಜವಾಗಿ ನಾಚಿಕೆಯಾಯಿತು.

ಭಾವ ಕನ್ನಡಕ ಒರೆಸಿಕೊಂಡು, ಲೇಖಕರ ಪಟ್ಟಿಯಲ್ಲಿ ಆ ಹೆಸರನ್ನು ಒಂದೊಂದೇ ಅಕ್ಷರ ಒತ್ತಿ ಸೇರಿಸಿದರು.

"ಎರಡು ವರ್ಷ ತಾನೆ, ಕಾಯಣ ಬುಡು," ಎಂದರು. "ಒಂದ್ಸಲ ಗಟ್ಟಿಯಾಗಿ ಓದು. ಅಕ್ಷರ ಏನಾರ ತಪ್ಪೈತಾ ನೋಡು."

ನಾನು ಎದ್ದು ನಿಂತು ಓದಿದೆ.