ಹೊಳೆಯಾಚೆ ಹುಟ್ಟಿದ ಕರು

ಕರಿಯಪ್ಪನ ಎಮ್ಮೆ ಪಾಪಾತಿ ಹೊಳೆಯಾಚೆಯ ಹುಲ್ಲಿಗೆ ಆಸೆಪಟ್ಟದ್ದೇ ಎಲ್ಲ ರಗಳೆಗೂ ಮೂಲ.

ಪಾಪಾತಿ ಎಂದರೆ ಕರಿಯಪ್ಪನ ಕಡೆಯ ತಮಿಳಿನಲ್ಲಿ ಚಿಟ್ಟೆ. ಹೆಸರಿಟ್ಟಾಗ ಅದು ತೊಡೆಯ ಮೇಲೆ ಮಲಗುವಷ್ಟು ಪುಟ್ಟ ಕರು. ಈಗ ನೋಡಿದರೆ ನೀರಿನ ಟ್ಯಾಂಕಿಗೆ ಕೊಂಬು ಮೂಡಿದ ಹಾಗಿತ್ತು. ತುಂಬು ಗಬ್ಬದ ಈ ಚಿಟ್ಟೆ ಬೇಸಗೆಯಲ್ಲಿ ಬತ್ತಿದ ಮೋಯಾರ್ ಹೊಳೆಯನ್ನು ದಾಟಿತು. ತಮಿಳುನಾಡು ಬಿಟ್ಟು ಕರ್ನಾಟಕಕ್ಕೆ ಹೋಗಿ, ಚೆನ್ನಿ ಎಂಬ ಮುದುಕಿಯ ಕೊಟ್ಟಿಗೆಗೆ ನುಗ್ಗಿ, ಅಲ್ಲೇ ಒಂದು ಹೆಣ್ಣುಗರು ಈದುಬಿಟ್ಟಿತು.

ಕರಿಯಪ್ಪ ಹುಡುಕಿಕೊಂಡು ಹೋದಾಗ ಚೆನ್ನಿ ಮಜ್ಜಿಗೆ ಕೊಟ್ಟಳು, ಎಮ್ಮೆಯ ಹಗ್ಗವನ್ನೂ ಕೊಟ್ಟಳು. ಕರು ಮಾತ್ರ ಕೊಡಲಿಲ್ಲ.

"ನಮ್ಮ ಕಡೆ ನ್ಯಾಯ ಹಂಗೆ, ತಮ್ಮಾ. ಯಾರ ಕೊಟ್ಟಿಗೇಲಿ ಹುಟ್ತೋ ಅವರದ್ದೇ ಕರು. ಬಾಣಂತನ ಮಾಡಿದ್ದು ನಾನು."

"ನಮ್ಮ ಕಡೆ ಹಂಗಿಲ್ಲ ಅಕ್ಕಾ. ಎಮ್ಮೆ ಯಾರದೋ ಕರೂನೂ ಅವರದ್ದೇ."

"ಈಗ ನೀನು ನಿಂತಿರೋದು ಯಾರ ಕಡೆ?"

ಕರಿಯಪ್ಪ ತನ್ನ ಕಾಲು ನೋಡಿಕೊಂಡ. ಎರಡೂ ಕರ್ನಾಟಕದಲ್ಲಿದ್ದವು.

ಕರುವಿಲ್ಲದೆ ಮನೆಗೆ ಬಂದ ಪಾಪಾತಿ ಹಾಲಿಗೆ ಸೊರೆ ಬಿಡಲಿಲ್ಲ, ಬಾಯಿ ಮಾತ್ರ ಬಿಟ್ಟಿತು. ಅದರ ಕೂಗಿಗೆ ಇಡೀ ಹಾಡಿಯಲ್ಲಿ ಯಾರಿಗೂ ನಿದ್ದೆಯಿಲ್ಲ. ಇಂದು ಎಂಬ ಹೆಸರಿನ ಅವನ ಹೆಂಡತಿ ಕಂಕುಳಲ್ಲಿ ಮಗಳನ್ನು ಎತ್ತಿಕೊಂಡು, "ಎಮ್ಮೆ ಕಟ್ಟಿಕೊಂಡೂ ಮಗೂಗೆ ಬರೀ ಗಂಜಿ! ಕರು ತರದೆ ನೀನು ಊಟಕ್ಕೆ ಕೂರಬೇಡ" ಅಂದಳು.

ಆಗ ನಡುವೆ ಬಂದವನು ಪಕ್ಕದ ಮನೆಯ ರಾಜು. ಮಸಿನಗುಡಿಯಲ್ಲಿ ಪಿಕಪ್ ಓಡಿಸುವ ರಾಜು ಒಮ್ಮೆ ಯಾವುದೋ ಕೇಸಿಗೆ ಸಾಕ್ಷಿ ಹೇಳಲು ಗೂಡಲೂರು ಕೋರ್ಟಿಗೆ ಹೋಗಿದ್ದ. ಅಂದಿನಿಂದ ಕಾನೂನೆಲ್ಲ ತನ್ನ ಹೊಟ್ಟೆಯಲ್ಲೇ ಬೆಚ್ಚಗೆ ಮಲಗಿದೆ ಎಂದು ನಂಬಿದ್ದ.

"ಕೋರ್ಟ್ ಕಾಂಪೌಂಡಲ್ಲೇ ಸಂಧಾನ ಮಾಡಿಸ್ತಾರೆ ಕರಿಯಾ, ಕಾಸಿಲ್ಲ. ಇಬ್ಬರೂ ಒಪ್ಪಿ ಬರೆದುಕೊಟ್ಟರೆ ಮುಗೀತು. ನಾನಿದ್ದೀನಲ್ಲ!"

ಚೆನ್ನಿಯೂ ಒಪ್ಪಿದಳು. ಹೀಗೆ ಸೋಮವಾರ ಬೆಳಿಗ್ಗೆ ಕರಿಯಪ್ಪ ಮದುವೆಯ ಬಿಳಿ ಅಂಗಿ ತೊಟ್ಟು ಹೊರಟು ನಿಂತರೆ, ರಾಜು ಪಾಪಾತಿಯ ಹಗ್ಗ ಬಿಚ್ಚುತ್ತಿದ್ದ.

"ಅದ್ಯಾಕೆ?"

"ಸಾಕ್ಷಿ ಇಲ್ಲದೆ ಕೇಸು ನಿಲ್ಲಲ್ಲ ಕಣೋ."

ಕೇಸಿನ ಮಾತಿರಲಿ, ಪಿಕಪ್‌ನಲ್ಲಿ ಸಾಕ್ಷಿಯೇ ನಿಲ್ಲಲಿಲ್ಲ. ತಿರುವು ಬಂದಾಗಲೆಲ್ಲ ಕರಿಯಪ್ಪನ ಮೇಲೆ ಒರಗಿತು. ತೆಪ್ಪಕಾಡಿನಲ್ಲಿ ಆನೆ ನೋಡಲು ಬಂದ ಟೂರಿಸ್ಟುಗಳು ಇವನ ಫೋಟೊ ತೆಗೆದುಕೊಂಡರು. ಗೂಡಲೂರು ಮುಟ್ಟುವಾಗ ಅಂಗಿಯ ಬಿಳಿ ಕಾಲರಿನಲ್ಲಿ ಮಾತ್ರ ಉಳಿದಿತ್ತು.

ಕೋರ್ಟ್ ಕಾಂಪೌಂಡಿನಲ್ಲಿ ಎಮ್ಮೆ ಇಳಿಸಿ, ಬೆವರು ಒರೆಸಿಕೊಳ್ಳುವಷ್ಟರಲ್ಲಿ ಅದು ಯಾರದೋ ಬೈಕಿನ ಮೇಲೆ ಒಣಹಾಕಿದ್ದ ಕರಿ ಗೌನನ್ನು ಮೆಲ್ಲತೊಡಗಿತ್ತು. ಕರಿಯಪ್ಪ ಈ ತುದಿ ಹಿಡಿದೆಳೆದ. ಅರ್ಧ ಕೈಗೆ ಬಂತು. ಉಳಿದರ್ಧ ನಿಧಾನವಾಗಿ ಒಳಗೆ ಹೋಯಿತು.

"ಇನ್ನು ಇದೂ ವಕೀಲನೇ" ಎಂದು ಟೈಪಿಸ್ಟ್ ಒಬ್ಬರು ನಕ್ಕರು. ಗೌನಿನ ಒಡೆಯ ನಗಲಿಲ್ಲ. ಕರಿಯಪ್ಪ ಅವರ ಕಾಲಿಗೆ ಬಿದ್ದು ಏಳುವ ಹೊತ್ತಿಗೆ ಹಾಲಿನ ವ್ಯಾನಿನಿಂದ ಚೆನ್ನಿ ಕರು ಇಳಿಸಿಕೊಂಡು ಬಂದಳು.

ಪಾಪಾತಿ ಒಮ್ಮೆ ಕೂಗಿತು, ಆಮೇಲೆ ಕೂಗಲಿಲ್ಲ. ಕರು ಓಡಿ ಬಂದು ಕೆಚ್ಚಲಿಗೆ ಬಾಯಿ ಹಾಕಿತು. ಗೌನು ಕಳೆದುಕೊಂಡವರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆದರೆ ಕರು ಯಾರದು ಎಂಬ ಮಾತು ಬಂದದ್ದೇ ತಡ, ಕಾಂಪೌಂಡು ಎರಡು ಪಾಲಾಯಿತು.

"ನಮ್ಮ ಕೇರಳದಲ್ಲಾದ್ರೆ..." ಎಂದು ಚಹಾ ಅಂಗಡಿಯ ಚೇಟ ಶುರುಮಾಡಿದ.

"ಇಲ್ಲಿ ಕೇರಳ ಎಲ್ಲಿ ಬಂತು?" ಅಂದ ರಾಜು.

"ಬರಬಾರದಾ? ನೀನು ಕುಡೀತಿರೋ ಚಹಾ ಯಾರದು?"

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಸಂಧಾನಕ್ಕೆ ಕೂತವರು ತೇನ್ಮೊಳಿ ಎಂಬ ವಕೀಲೆ. ಸಣ್ಣ ವಯಸ್ಸು, ದೊಡ್ಡ ತಾಳ್ಮೆ. ಇಬ್ಬರ ಮಾತನ್ನೂ ಕೇಳಿ ಹೇಳಿದರು:

"ಹೊಳೆಯ ಎರಡು ಕಡೆ ಎರಡು ನ್ಯಾಯ. ಎರಡೂ ಅವರವರಿಗೆ ಸರಿಯೇ. ಹಿಂಗಾದಾಗ ಕೋರ್ಟು ಮೊದಲು ಯಾರು ಗೆದ್ದರು ಅಂತ ನೋಡಲ್ಲ. ಬತ್ತ ಅಳೆಯೋಕೆ ಮುಂಚೆ ಯಾವ ಊರಿನ ಸೇರು ಅಂತ ತೀರ್ಮಾನ ಆಗಬೇಕಲ್ಲ, ಹಂಗೆ ಯಾವ ಊರಿನ ನ್ಯಾಯದಿಂದ ಅಳೀಬೇಕು ಅಂತ ನೋಡುತ್ತೆ. ಸಂಗತಿ ನಡೆದದ್ದೆಲ್ಲಿ? ಸ್ವತ್ತು ಇದ್ದದ್ದೆಲ್ಲಿ? ಯಾವ ಊರಿನ ನಂಟು ಜಾಸ್ತಿ?"

"ನಡೆದದ್ದು ನಮ್ಮಲ್ಲಿ," ಅಂದಳು ಚೆನ್ನಿ.

ರಾಜು ಕರಿಯಪ್ಪನ ಪಕ್ಕೆಗೆ ತಿವಿದ. "ನೋವು ಶುರುವಾದದ್ದು ಈಚೆ ದಡದಲ್ಲಿ ಅನ್ನು!"

"ನೋವು ಈಚೆ ದಡದಲ್ಲಿ ಶುರುವಾಯ್ತು ಮೇಡಂ."

"ನೀನು ನೋಡಿದ್ಯಾ?"

"ಇಲ್ಲ ಮೇಡಂ."

ರಾಜು ಮತ್ತೆ ತಿವಿದ. "ಗಬ್ಬ ಕಟ್ಟಿದ್ದು ನಮ್ಮಲ್ಲಿ ಅನ್ನು!"

"ಗಬ್ಬ ಕಟ್ಟಿದ್ದು ನಮ್ಮಲ್ಲೇ ಮೇಡಂ."

"ಕೋಣ ನಮ್ಮೂರದ್ದು," ಅಂದಳು ಚೆನ್ನಿ ತಣ್ಣಗೆ. "ಅದೂ ಹೊಳೆ ದಾಟುತ್ತೆ."

ಕರಿಯಪ್ಪನಿಗೆ ಪಕ್ಕೆಯೂ ನೋಯುತ್ತಿತ್ತು, ಮರ್ಯಾದೆಯೂ ಹೋಗುತ್ತಿತ್ತು. ಕೈಮುಗಿದು ನಿಂತ. "ನನಗೆ ಕಾನೂನು ಗೊತ್ತಿಲ್ಲ ಮೇಡಂ. ದಿನಾ ಹುಲ್ಲು ಹಾಕೋದು ನಾನು, ಮೈ ತೊಳೆಯೋದು ನನ್ನ ಹೆಂಡತಿ. ಅದು ಆಚೆ ಹೋದದ್ದು ಒಂದೇ ದಿನ. ಕರು ಇಲ್ಲದೆ ಅಳುತ್ತೆ. ಅಷ್ಟೇ."

ಆ ಕೋಣೆಯಲ್ಲಿ ಅಲ್ಲಿಯವರೆಗೆ ಅವನು ಸ್ವಂತವಾಗಿ ಆಡಿದ ಮಾತು ಅದೊಂದೇ. ತೇನ್ಮೊಳಿ ತಲೆದೂಗಿದರು.

"ಸರಿ. ಎಮ್ಮೆ ಬಾಳುತ್ತಿರೋದು ಈಚೆ. ಆಚೆ ಹೆತ್ತದ್ದು ಆಕಸ್ಮಿಕ. ನಂಟು ಈಚೆಗೇ ಜಾಸ್ತಿ. ಈಚೆ ಕಡೆ ನ್ಯಾಯದಂತೆ ಎಮ್ಮೆ ಯಾರದೋ ಕರು ಅವರದು. ನನ್ನ ಸಲಹೆ ಇದು. ಒಪ್ಪಿಗೆಯಾ ಅಜ್ಜಿ?"

ಚೆನ್ನಿ ಕಿಟಕಿಯಿಂದ ಹೊರಗೆ ನೋಡಿದಳು. ಹಾಲು ಕುಡಿಸುತ್ತಿದ್ದ ಪಾಪಾತಿಯ ಸೀಳು ಕಿವಿಯನ್ನು ಬಿಸಿಲಲ್ಲಿ ಬಹಳ ಹೊತ್ತು ದಿಟ್ಟಿಸಿ, ಆಮೇಲೆ ರಾಜುವಿನ ಮುಖ ನೋಡಿದಳು.

"ಒಪ್ಪಿಗೆ," ಅಂದಳು.

ರಾಜು ಕುರ್ಚಿಯಿಂದ ಜಿಗಿದೆದ್ದ. "ಗಟ್ಟಿಯಾಗಿ ಬರೀಬೇಕು ಮೇಡಂ! ಈ ಅಜ್ಜಿ ನಾಳೆ ಇನ್ನೊಂದು ಕರು ಹಿಡ್ಕೊಂಡು ಕೂರಬಾರದು. ಹೊಳೆಯ ಯಾವ ಕಡೆ ಹುಟ್ಟಿದರೂ ಸರಿ. ಹಿಂದೆ ಹುಟ್ಟಿದ್ದು, ಈಗ ಹುಟ್ಟಿದ್ದು, ಮುಂದೆ ಹುಟ್ಟೋದು, ಎಲ್ಲಾ ತಾಯಿಯ ಒಡೆಯನಿಗೇ ಅಂತ!"

"ಅಷ್ಟೆಲ್ಲಾ ಬೇಕಾ?" ಎಂದು ತೇನ್ಮೊಳಿ ಕೇಳಿದರು.

"ಬರೀ ಅಮ್ಮಾ, ಬರೀ," ಅಂದಳು ಚೆನ್ನಿ. "ರಾಜು ಹೇಳಿದ ಹಾಗೇ ಬರೀ."

ಬರೆದದ್ದಾಯಿತು. ಚೆನ್ನಿ ಹೆಬ್ಬೆಟ್ಟು ಒತ್ತಿದಳು, ಕರಿಯಪ್ಪ ಸಹಿ ಹಾಕಿದ, ರಾಜು ಸಾಕ್ಷಿಯ ಜಾಗದಲ್ಲಿ ಕೊಂಬು ಕಹಳೆಯ ಸಹಿ ಗೀಚಿದ. ಚೆನ್ನಿ ಹೆಬ್ಬೆರಳ ಶಾಯಿಯನ್ನು ತಲೆಕೂದಲಿಗೆ ಒರೆಸಿಕೊಂಡು ಮೆಲ್ಲಗೆ ಕೇಳಿದಳು:

"ರಾಜು, ಈ ಪಾಪಾತಿ ಹುಟ್ಟಿದ್ದು ನಿನ್ನ ಕೊಟ್ಟಿಗೇಲಲ್ವಾ?"

"ಹೌದು. ಇವನ ಮದುವೆಗೆ ಉಡುಗೊರೆ ಕೊಟ್ಟೆ," ಎಂದು ರಾಜು ಎದೆಯುಬ್ಬಿಸಿದ. ಮರುಗಳಿಗೆಯೇ ಆ ಎದೆ ಪಂಕ್ಚರಾದ ಟೈರಿನ ಹಾಗೆ ಇಳಿಯಿತು.

"ಅದರ ತಾಯಿ ಯಾರದು, ಹೇಳಪ್ಪಾ."

ರಾಜು ಮೇಲಿನ ಫ್ಯಾನು ನೋಡಿದ.

"ನನ್ನ ಎಮ್ಮೆ ಅಮ್ಮಾ," ಚೆನ್ನಿ ತೇನ್ಮೊಳಿಯತ್ತ ತಿರುಗಿದಳು. "ಹೊಳೆ ದಾಟಿ ಬಂದು ಇವನ ಕೊಟ್ಟಿಗೇಲಿ ಈದಿತ್ತು. ಕರೂಗೆ ಹುಟ್ಟುವಾಗಲೇ ಕಿವಿ ಸೀಳು. ಕೇಳೋಕೆ ಬಂದರೆ ಇವನೇ ಅಂದ, 'ನಿಮ್ಮ ಕಡೆ ನ್ಯಾಯ ಏನಜ್ಜಿ? ಹುಟ್ಟಿದ ಕೊಟ್ಟಿಗೆಯವನದ್ದೇ ಕರು ಅಲ್ವಾ?' ನಮ್ಮ ನ್ಯಾಯ ಅಲ್ವಾ ಅಂತ ಬಾಯಿ ಮುಚ್ಕೊಂಡು ಹೋದೆ. ಇವತ್ತು ನಿಮ್ಮ ನ್ಯಾಯ ಅಂತ ಆಯ್ತು. ಹಿಂದೆ ಹುಟ್ಟಿದ್ದೂ ಸೇರಿ."

ತೇನ್ಮೊಳಿ ಬರೆದದ್ದನ್ನು ಎರಡು ಸಲ ಓದಿದರು. ಪಾಪಾತಿ ಚೆನ್ನಿಯದು. ಪಾಪಾತಿ ಚೆನ್ನಿಯದಾದರೆ ಕರುವೂ ಚೆನ್ನಿಯದೇ. ಬೆಳಿಗ್ಗೆ ಕರು ಕೇಳಲು ಬಂದ ಕರಿಯಪ್ಪನ ಕೈಯಲ್ಲಿ ಈಗ ಉಳಿದದ್ದು ಅರ್ಧ ಗೌನು.

ಅವನ ಮುಖ ನೋಡಿ ಚೆನ್ನಿಗೇ ಸಂಕಟವಾಯಿತು. "ಅಳಬೇಡ ತಮ್ಮಾ. ನೀನು ಚೆನ್ನಾಗಿ ಸಾಕಿದ್ದೀಯ. ಬಂದು ಮಗೂಗೆ ಹಾಲು ತಗೊಂಡು ಹೋಗು."

"ಹೊಳೆ ದಾಟಿಯಾ ಅಕ್ಕಾ?"

"ಎಮ್ಮೆ ದಾಟಲ್ವಾ?"

ಕರಿಯಪ್ಪ ಮನೆಯಲ್ಲಿ ಕಾದಿರುವ ಇಂದುವನ್ನು ನೆನೆದ. ಪಕ್ಕದಲ್ಲಿ ಕುಗ್ಗಿ ಕೂತ ರಾಜುವನ್ನು ನೋಡಿದ. ಹಲ್ಲು ಕಚ್ಚಿ ಕೇಳಿದ, "ಮೇಡಂ, ಕಂಡವರ ಎಮ್ಮೆ ನನಗೆ ಉಡುಗೊರೆ ಕೊಟ್ಟ ಇವನ ಮೇಲೆ ನಾನು ಕೇಸು ಹಾಕಬಹುದಾ?"

"ಹಾಕಬಹುದು. ಪಾಪಾತೀನ ನಿನ್ನ ಕೈಗೆ ಕೊಟ್ಟದ್ದು ಎಲ್ಲಿ?"

"ನನ್ನ ಹೆಂಡತಿ ಊರು ಗುಂಡ್ಲುಪೇಟೆ ಕಡೆ, ಮೇಡಂ. ಮದುವೆ ಮುಗಿಸಿ ಬರುವಾಗ ಇವನು ಗಡಿ ಸೇತುವೆ ಮೇಲೆ ಕರು ಹಿಡ್ಕೊಂಡು ನಿಂತಿದ್ದ."

ತೇನ್ಮೊಳಿ ಮುಚ್ಚಿದ್ದ ಪೆನ್ನಿನ ಟೋಪಿ ಮತ್ತೆ ತೆಗೆದರು.

"ಸೇತುವೆಯ ಈ ತುದೀಲಾ, ಆ ತುದೀಲಾ?"

ಕರಿಯಪ್ಪ ಕೈಮುಗಿದ. ಮೆಟ್ಟಿಲಿಳಿದು ಹೋಗಿ, ಚೆನ್ನಿಯ ವ್ಯಾನಿಗೆ ಹತ್ತಲು ಮೊಂಡುಹಿಡಿದು ನಿಂತಿದ್ದ ಪಾಪಾತಿಗೆ ಹಿಂದಿನಿಂದ ಹೆಗಲು ಕೊಟ್ಟ.