ರಾಹುಕಾಲಕ್ಕೆ ಮುಂಚೆ ಆಯಿಲ್

ಮನೆಯಲ್ಲಿ ಹೆಂಡತಿಯ ಮಾತೇ ನಡೆಯುತ್ತದೆ ಎಂಬುದನ್ನು ಚನ್ನಬಸವರಾಜ ಇಪ್ಪತ್ನಾಲ್ಕು ವರ್ಷದ ಹಿಂದೆಯೇ ಒಪ್ಪಿಕೊಂಡಿದ್ದ. ಅನ್ನಕ್ಕೆ ಯಾವ ಅಕ್ಕಿ, ಗೋಡೆಗೆ ಯಾವ ಬಣ್ಣ, ಅವನ ತಲೆಗೆ ಯಾವ ಎಣ್ಣೆ, ಎಲ್ಲವೂ ಗಂಗೋತ್ರಿಯ ಅಪ್ಪಣೆ. ಅವನ ಸ್ವಂತ ಸಂಸ್ಥಾನವೆಂದು ಉಳಿದದ್ದು ಕಾರಿನ ಬಲಗಡೆಯ ಸೀಟು ಒಂದೇ. ಈಗ ಅದರ ಮೇಲೂ ದಂಡೆತ್ತಿ ಬಂದಿದ್ದಳು.

ಚನ್ನಬಸವರಾಜ ಬಳ್ಳಾರಿಯ ಕಾಲೇಜೊಂದರಲ್ಲಿ ಇತಿಹಾಸದ ಮೇಷ್ಟ್ರು. ಪರೀಕ್ಷೆ ಪೇಪರು ತಿದ್ದಲು ಅವನು ಪರವೂರಿಗೆ ಹೋಗಿದ್ದಾಗ ಗಂಗೋತ್ರಿ ಸದ್ದಿಲ್ಲದೆ ಕಾರು ಕಲಿತುಬಿಟ್ಟಳು. ಲೈಸೆನ್ಸು ಬಂದು ಎಂಟು ತಿಂಗಳಾಯಿತು. ಅದು ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಪಕ್ಕ ಕೂತು ದಿನಾ ಊದುಬತ್ತಿಯ ಹೊಗೆ ಕುಡಿಯುತ್ತಿತ್ತೇ ಹೊರತು ರಸ್ತೆಯ ಮುಖ ಕಂಡಿರಲಿಲ್ಲ. ಅವಳ ಆಸೆ ದೊಡ್ಡದೇನಲ್ಲ. ಸಿರುಗುಪ್ಪದ ಹತ್ತಿರದ ದೇಶನೂರಿನಲ್ಲಿ, ತಮ್ಮನ ತುಂಬಿದ ಸಂಸಾರದಲ್ಲಿರುವ ತಾಯಿ ಕೊಟ್ರಬಸಮ್ಮನನ್ನು ಮನಸ್ಸಾದಾಗ ನೋಡಿ ಬರಬೇಕು, ಅಷ್ಟೇ.

"ಗಾಡಿ ಹೊಟ್ಟಿಯಾಗ ಏನೈತಿ ಅಂತ ಗೊತ್ತಿದ್ದವರ ಕೈಯಾಗ ಕೀಲಿ ಇರಬೇಕು" ಎಂದು ಚನ್ನಬಸವರಾಜ ಒಂದು ಸಿದ್ಧಾಂತವನ್ನೇ ಮಂಡಿಸಿದ.

"ನಿಮಗ ಗೊತ್ತೈತೇನ್ರಿ? ಹನ್ನೆರಡು ವರ್ಸ ಆತು, ಕೌಲ್ ಬಜಾರಿನ ಮೆಕ್ಯಾನಿಕ್ ಪರಶು ಅಣ್ಣನೇ ಎಲ್ಲಾ ನೋಡ್ಯಾನ. ನೀವು ಬಾನೆಟ್ ಎತ್ತಿದ್ದು ನಾ ಒಂದು ದಿನಾನೂ ನೋಡಿಲ್ಲ."

ಗಂಡಸಿನ ಮರ್ಮಕ್ಕೆ ತಗುಲುವ ಮಾತು. "ಬರೋ ಅಮಾಸಿಗೆ ನಾನೇ ಆಯಿಲ್ ಬದಲಿ ಮಾಡ್ತೀನಿ, ಮನ್ಯಾಗ! ಮಾಡಿದ್ರ ಕೀಲಿ ಮಾತು ಅಲ್ಲಿಗೆ ಮುಗೀತು. ಆಗಲಿಲ್ಲಂದ್ರ ಕೀಲಿ ನಿಂದು."

"ಮಾತು ತಪ್ಪಬಾರ್ದು ಮತ್ತ" ಎಂದು ಗಂಗೋತ್ರಿ ಒಳಗೆ ಹೋದಳು.

ಅವನಿಗೆ ಧೈರ್ಯವೇನೂ ಕಡಿಮೆ ಇರಲಿಲ್ಲ. ಕೂಗಳತೆಯ ಸಂಗನಕಲ್ಲಿನ ಗುಡ್ಡದಲ್ಲಿ ಸಾವಿರಾರು ವರ್ಷಗಳ ಹಿಂದೆ ಜನ ತಮ್ಮ ಕೊಡಲಿ ತಾವೇ ಉಜ್ಜಿಕೊಂಡರಲ್ಲ, ಅದೇ ನೆಲದವನಾದ ತನಗೆ ಒಂದು ಬೋಲ್ಟು ಬಿಚ್ಚಲು ಬಾರದೇ? (ಆ ಜನ ಉಜ್ಜಿ ಉಜ್ಜಿ ಎಷ್ಟು ಕಲ್ಲು ಹಾಳು ಮಾಡಿದರೆಂಬುದನ್ನೂ ಅವನೇ ಕ್ಲಾಸಿನಲ್ಲಿ ಹೇಳಿದ್ದ. ಅದು ಆಗ ನೆನಪಾಗಲಿಲ್ಲ.)

ಅಮಾವಾಸ್ಯೆ ಎರಡನೇ ಶನಿವಾರ ಬಂತು. ಅಮಾವಾಸ್ಯೆಗೆ ಗಾಡಿ ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆಯುವುದು ಮನೆಯ ವಾಡಿಕೆ. ಅದಕ್ಕೆ ಮೊದಲು ಹೊಸ ಆಯಿಲ್ ಬೀಳಬೇಕು. ಒಂಬತ್ತಕ್ಕೆ ರಾಹುಕಾಲ, ಆಮೇಲೆ ಹೊಸದೇನನ್ನೂ ಹಾಕುವಂತಿಲ್ಲ. (ಶರಣರು ರಾಹುಕಾಲ ನೋಡಬೇಡಿರೆಂದದ್ದು ಚನ್ನಬಸವರಾಜನಿಗೆ ಗೊತ್ತು. ಆದರೆ ಶರಣರ ಹತ್ತಿರ ಕಾರಿರಲಿಲ್ಲ.)

ಮುಂದಿನ ಗಾಲಿಗಳನ್ನು ಎರಡು ಕಲ್ಲುಚಪ್ಪಡಿಯ ಮೇಲೆ ಹತ್ತಿಸಿ, ಗೋಣಿಚೀಲ ಹಾಸಿ, ಅವನು ಗಾಡಿಯ ಕೆಳಗೆ ಅಂಗಾತ ತೆವಳಿದ. ಹಳೇ ಆಯಿಲ್ ಬಸಿಯಲು ಎಂಜಿನ್ನಿನ ತಳದಲ್ಲಿರುವ ಬೋಲ್ಟು ಅಲುಗಲಿಲ್ಲ. ಅದನ್ನು ತಿರುಗಿಸುವ ಪಾನಾಕ್ಕೆ ಕಾಲು ಕೊಟ್ಟು ಒದ್ದಾಗ ಬಿಚ್ಚಿಕೊಂಡಿತು, ಕಪ್ಪು ಆಯಿಲ್ ಮೊಣಕೈವರೆಗೂ ಇಳಿಯಿತು. ಬೋಲ್ಟು ಕಳೆದೀತೆಂದು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಚ್ಚಿದ. ಜಾಗರೂಕ ಮನುಷ್ಯ.

ಹಳೇ ಆಯಿಲ್ ಅಂದರೆ ಆ ಓಣಿಯಲ್ಲಿ ಪ್ರಸಾದವಿದ್ದಂತೆ. ಬಾಗಿಲ ಚೌಕಟ್ಟಿನ ಗೆದ್ದಲಿಗೆ, ಗೇಟಿನ ಕಿರಗುಟ್ಟುವ ತಿರುಗಣಿಗೆ, ಎಲ್ಲದಕ್ಕೂ ಬೇಕು. ಪಕ್ಕದ ಮನೆಯ ಎರ್ರಿಸ್ವಾಮಿ ಆಗಲೇ ಎರಡು ಡಬ್ಬಿ ಹಿಡಿದು ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಒಂದು ತುಂಬಿತು.

"ರೀ, ಎಂಟೂ ಮುಕ್ಕಾಲು!" ಒಳಗಿನಿಂದ ಗಂಗೋತ್ರಿ ಕೂಗಿದಳು.

ಚನ್ನಬಸವರಾಜ ಗಡಬಡಿಸಿ ಎದ್ದು, ಹೊಸ ಡಬ್ಬಿ ಒಡೆದು, ಶಿವನ ನೆನೆದು ಮೇಲಿನಿಂದ ಸುರಿಯತೊಡಗಿದ.

"ಸರ್, ಇನ್ನೂ ಬರಾಕತ್ತೈತಿ" ಎಂದ ಎರ್ರಿಸ್ವಾಮಿ ಕೆಳಗಿನಿಂದ.

"ಬರಲಿ, ಹಿಡೀರಿ!"

"ಅಬ್ಬಬ್ಬಾ, ಈಗ ಬರೋದು ಜೇನು ಇದ್ದಂಗೈತಿ ಸರ್! ನಮ್ಮ ಗಾಡ್ಯಾಗ ಬರೀ ಕಾಡಿಗಿ ಬರ್ತೈತಿ."

ಚನ್ನಬಸವರಾಜನ ಎದೆ ಉಬ್ಬಿತು. "ಕೊಳಿ ಮೊದಲು ಬರ್ತೈತಿ ಎರ್ರಿಸ್ವಾಮಿ, ಒಳಗಿನ ಶುದ್ಧ ಆಮ್ಯಾಲ. ಗಾಡಿ ಹೆಂಗ ಇಟ್ಟುಕೊಂಡೀವಿ ಅನ್ನೋದರ ಮ್ಯಾಲೆ ಐತಿ ಎಲ್ಲಾ" ಎಂದು ಉಪದೇಶ ಮಾಡುತ್ತಾ ಡಬ್ಬಿಯ ಕೊನೆಯ ಹನಿಯನ್ನೂ ಬಸಿದ. ಎರಡನೇ ಡಬ್ಬಿ ತುಳುಕಿತು. ಎರ್ರಿಸ್ವಾಮಿ ಕೈಮುಗಿದು ಎರಡನ್ನೂ ಹೊತ್ತುಕೊಂಡು ಹೋದ. ಒಂಬತ್ತಕ್ಕೆ ಇನ್ನೂ ಎರಡು ನಿಮಿಷವಿತ್ತು. ಇತಿಹಾಸದಲ್ಲಿ ಇಂಥ ವಿಜಯಗಳು ಕಡಿಮೆ.

ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತು ಎಲ್ಲ ನೋಡಿದ್ದ ಗಂಗೋತ್ರಿ ಮೆತ್ತಗೆ ಕೇಳಿದಳು: "ನೀವು ಮ್ಯಾಲಿಂದ ಹಾಕಿದ್ರಿ, ಅವರು ಕೆಳಗ ಹಿಡಕೊಂಡ್ರು. ನಡುವ ಗಾಡಿಗೆ ಏನು ಸಿಕ್ಕಿತ್ರಿ?"

ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಬೋಲ್ಟು ಅಲ್ಲೇ, ಎದೆಗೆ ಅಂಟಿಕೊಂಡು ಬೆಚ್ಚಗಿತ್ತು.

"ಹೋಗಿ ವಾಪಸ್ ಕೇಳ್ಲೇನು?"

"ಬ್ಯಾಡ" ಎಂದ. ಜೇನೆಂದು ಹೊಗಳಿಸಿಕೊಂಡದ್ದನ್ನು ಯಾವ ಮುಖ ಹೊತ್ತು ಕೇಳುವುದು?

ಗಂಗೋತ್ರಿ ನಗಲಿಲ್ಲ. ನಕ್ಕಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಅವಳು ಸ್ಕೂಟಿ ಹತ್ತಿ ಹೋಗಿ ಇನ್ನೊಂದು ಡಬ್ಬಿ ತಂದಳು. ರಾಹುಕಾಲ ಕಳೆದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಗಾಡಿಯ ಕೆಳಗೆ ಸರಿದು ಬೋಲ್ಟು ಬಿಗಿದಳು, ಆಯಿಲ್ ಹಾಕಿದಳು, ಅಳೆಯುವ ಕಡ್ಡಿ ಒರೆಸಿ ಎರಡು ಸಲ ನೋಡಿದಳು. ಚನ್ನಬಸವರಾಜ ಅರಿವೆ ಹಿಡಿದು ನಿಂತಿದ್ದ. ಕೆಲಸ ಮುಗಿದಾಗ ಕೀಲಿ ಕೊಟ್ಟ.

ಮರುದಿನ ದೇಶನೂರಿಗೆ ಹೊರಟರು. ಎಡಗಡೆ ಕೂತ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಸೋತಿತು. ಅವಳು ಲಾರಿ ಬಂದರೆ ಹೆದರಲಿಲ್ಲ, ದಾರಿ ತುಂಬ ಕುರಿ ಬಂದರೆ ರೇಗಲಿಲ್ಲ. ಸಿರುಗುಪ್ಪ ದಾಟಿ ಎರಡೂ ಕಡೆ ಭತ್ತದ ಗದ್ದೆ ಶುರುವಾದಾಗ ಅವನು ಮೊದಲ ಸಲ ಆ ಹಸಿರನ್ನು ಸಮಾಧಾನದಿಂದ ನೋಡಿದ. ನೋಡುತ್ತಾ ಒಂದು ಸತ್ಯ ಹೊಳೆಯಿತು.

ಕೀಲಿ ಕೊಡದಿದ್ದದ್ದಕ್ಕೆ ಗಾಡಿಯ ಹೊಟ್ಟೆ ಕಾರಣವೇ ಅಲ್ಲ. ತಾಯಿಯ ನೆನಪಾದಾಗಲೆಲ್ಲ ಅವಳು ಚಹಾ ತಂದಿಟ್ಟು, ಅವನ ಮುಖ ನೋಡಿ, "ಈ ಐತವಾರ ಬಿಡುವು ಐತೇನ್ರಿ?" ಎಂದು ಕೇಳುತ್ತಿದ್ದಳು. ಮನೆಯಲ್ಲಿ ಅವನನ್ನು ಕೇಳಿ ಆಗುತ್ತಿದ್ದ ಕೆಲಸ ಅದೊಂದೇ. ಆ ಕೇಳುವಿಕೆಯೂ ನಿಂತರೆ ತಾನು ಯಾತಕ್ಕೆ ಬೇಕು ಎಂಬ ಹೆದರಿಕೆ ಅವನಿಗೆ. ಎಷ್ಟೋ ಸಲ ಬಿಡುವಿದ್ದೂ ಇಲ್ಲವೆಂದಿದ್ದ. ನಾಚಿಕೆಯಾಯಿತು. ಅತ್ತೆಯ ಮುಂದೆ, "ನಿಮ್ಮ ಮಗಳು ನನಗಿಂತ ಚಲೋ ನಡಸ್ತಾಳ" ಎಂದು ಬಾಯಿಬಿಟ್ಟು ಹೇಳಿಬಿಡಬೇಕೆಂದು ನಿಶ್ಚಯಿಸಿದ.

ಅಂಗಳದಲ್ಲಿ ಗಾಡಿ ನಿಂತಿತು. ಬಲಗಡೆಯಿಂದ ಮಗಳೂ ಎಡಗಡೆಯಿಂದ ಅಳಿಯನೂ ಇಳಿದದ್ದನ್ನು ಕಂಡು ಕೊಟ್ರಬಸಮ್ಮ ಗಾಬರಿಯಾದಳು. "ಯಾಕ್ರೀ ಅಳಿಯಂದ್ರ, ಆ ಕಡಿ ಕುಂತು ಬಂದೀರಿ? ಮೈಯಾಗ ಆರಾಮಿಲ್ಲೇನು?"

ಚನ್ನಬಸವರಾಜ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಗಂಗೋತ್ರಿ, ಗಂಡನ ಮಾನ ಹೋಗಬಾರದೆಂದು, "ಹೂನವ್ವ, ಅವರಿಗೆ ಸೊಂಟ ಹಿಡದೈತಿ" ಎಂದುಬಿಟ್ಟಳು.

ಮುಗಿಯಿತು. ಅವನನ್ನು ಹೊರಸಿನ ಮೇಲೆ ಮಲಗಿಸಿದರು. ಸೊಂಟಕ್ಕೆ ಬಿಸಿ ಉಪ್ಪಿನ ಗಂಟಿನ ಶಾಖ ಕೊಟ್ಟರು. ಎಲ್ಲರ ತಟ್ಟೆಗೆ ಶೇಂಗಾ ಹೋಳಿಗೆ ಬಿದ್ದವು, ಅವನ ಪಾಲಿಗೆ ಗಂಜಿ.

ಗಂಜಿಯ ಬಟ್ಟಲು ಅವನ ಕೈಗಿಡುತ್ತಾ ಕೊಟ್ರಬಸಮ್ಮ ಮಗಳ ಕಡೆ ತಿರುಗಿದಳು. "ಪಾಪ, ಅವರನ್ಯಾಕ ತ್ರಾಸು ಮಾಡ್ತಿ? ಬರೋ ಐತವಾರ ಅವರನ್ನ ಮನ್ಯಾಗ ಮಲಗಿಸಿ ನೀನೊಬ್ಬಾಕಿನ ಬಾರವ್ವ. ಹೆಂಗೂ ಗಾಡಿ ನಡಸಾಕ ಬರ್ತೈತಿ."

"ಆತವ್ವ" ಎಂದಳು ಗಂಗೋತ್ರಿ, ಅವನ ಕಡೆ ನೋಡದೆ, ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತಾ.