ಫ್ರೀಜರಿನ ಉತ್ತರಕ್ರಿಯೆ

ಅಸುವೊಸೊ ಊರಿನ ವೋಲ್ಟೇಜು ಸದಾಕಾಲ ಇನ್ನೂರ ಮೂವತ್ತು ಎಂಬುದು ಸಕ್ಷಮ ಪ್ರಾಧಿಕಾರವು ದೃಢೀಕರಿಸಿದ ಸಂಗತಿ. ಊರಿನ ಕಂಬ, ತಂತಿ, ಮನೆಗಳ ಮೇಲಿನ ಸೋಲಾರ್ ಎಲ್ಲವನ್ನೂ ಒಳಗೊಂಡ ಮಾದರಿಯೊಂದು ವಿದ್ಯುತ್ ಕಚೇರಿಯ ಕಂಪ್ಯೂಟರಿನಲ್ಲಿತ್ತು. ಅದೇ ಹಾಗೆ ಹೇಳುತ್ತಿತ್ತು. ಆದ್ದರಿಂದ ಸೋಮವಾರ ನಡುಹಗಲು ಸೆರ್ವಾಳ ಮೀನಂಗಡಿಯ ದೊಡ್ಡ ಫ್ರೀಜರು ವೋಲ್ಟೇಜು ಏರಿ ಸುಟ್ಟುಹೋದದ್ದು ನಿಯಮಬಾಹಿರ.

ಉಳಿದದ್ದು ಚಿಕ್ಕ ಫ್ರೀಜರು. ಮೀನೆಲ್ಲ ಅದರೊಳಗಿತ್ತು. ಅದೂ ಹೋದರೆ ಅಂಗಡಿಗೆ ಬೀಗವೇ ಗತಿ. ಅವಳು ನೇರ ವಿದ್ಯುತ್ ಕಚೇರಿಗೆ ನಡೆದಳು.

"ಯಾವತ್ತು ಸಾಹೇಬ್ರೇ ನೀವು ನಮ್ಮೂರಿಗೆ ಬಂದು ಅಳೆದದ್ದು?"

"ಪ್ರತಿ ಶನಿವಾರ," ಎಂದರು ಇಂಜಿನಿಯರ್ ಆಂಪೊನ್ಸಾ. "ನಿಮ್ಮೂರಲ್ಲಿ ಉತ್ತರಕ್ರಿಯೆ ಎಲ್ಲಾ ಶನಿವಾರವೇ ತಾನೇ, ಹೇಗೂ ಯಾರದ್ದಾದ್ರೂ ಊಟಕ್ಕೆ ಬಂದೇ ಬರ್ತೀವಲ್ಲ."

"ಬೇರೆ ದಿನ ಬನ್ನಿ ನೋಡೋಣ!"

"ಬೇರೆ ದಿನ ಉತ್ತರಕ್ರಿಯೆಯ ಆಳೆತ್ತರದ ಸ್ಪೀಕರು ಇರಲ್ಲ, ಬಿಯರ್ ತಣ್ಣಗಿಡೋ ಪೆಟ್ಟಿಗೆ ಇರಲ್ಲ. ಸೋಲಾರ್ ಕರೆಂಟು ಖರ್ಚಾಗ್ದೆ ವೋಲ್ಟೇಜು ಏರುತ್ತೆ. ಅಂಥ ದಿನ ಅಳೆದ್ರೆ ಮಾದರಿ ಕೆಟ್ಟುಹೋಗುತ್ತಮ್ಮ."

ಬುಧವಾರ ಕಚೇರಿಯಿಂದ ಪ್ರಕಟಣೆ ಹೊರಟಿತು: "ಮಾದರಿಯು ಸರಿಯಿದ್ದು, ವಾರದ ಉಳಿದ ದಿನಗಳಲ್ಲಿ ದೋಷ ಕಂಡುಬಂದಿರುತ್ತದೆ. ಮುಂದಿನ ಆದೇಶದವರೆಗೆ ಪ್ರತಿದಿನ ಬಿಸಿಲಿರುವಷ್ಟು ಹೊತ್ತು ಉತ್ತರಕ್ರಿಯೆ ನಡೆಸತಕ್ಕದ್ದು. ಮೃತರು ಲಭ್ಯವಿಲ್ಲದಿದ್ದಲ್ಲಿ ಸೂಕ್ತ ಬದಲಿ ವ್ಯವಸ್ಥೆ ಮಾಡಿಕೊಳ್ಳುವುದು."

ಗುರುವಾರ ಯಾರೂ ಸಾಯಲಿಲ್ಲ. ಹಾಗಾಗಿ ಸೆರ್ವಾಳ ಸುಟ್ಟ ಫ್ರೀಜರನ್ನೇ ಶವದ ಜಾಗದಲ್ಲಿ ಶಾಮಿಯಾನದಡಿ ಮಲಗಿಸಿದರು. ಸೂತಕದ ಕಪ್ಪು-ಕೆಂಪು ಬಟ್ಟೆಯುಟ್ಟ ಜನ ಸಾಲಾಗಿ ಬಂದು ಅವಳ ಕೈಕುಲುಕಿದರು. ಫ್ರೀಜರಿನ ಫೋಟೋ ಹಾಕಿದ ಪೋಸ್ಟರಿನಲ್ಲಿ "ತುಂಬು ಬಾಳು ಬಾಳಿದ ಜೀವ" ಎಂದಿತ್ತು. ಸ್ಪೀಕರುಗಳು ಗುಡುಗಿದವು. ಸೆರ್ವಾ ಅತ್ತಳು, ನಟಿಸಬೇಕಾಗಲಿಲ್ಲ.

ಒಂದು ಕೈಯಲ್ಲಿ ಕೋಳಿ ಕಾಲು, ಇನ್ನೊಂದರಲ್ಲಿ ಮೀಟರು ಹಿಡಿದ ಆಂಪೊನ್ಸಾ ಘೋಷಿಸಿದರು: "ಇನ್ನೂರ ಮೂವತ್ತು!" ಚಪ್ಪಾಳೆ ಬಿತ್ತು. ಅಂಗಡಿಯೊಳಗೆ ಚಿಕ್ಕ ಫ್ರೀಜರು ನೆಮ್ಮದಿಯಿಂದ ಗುಂಯ್‌ಗುಡುತ್ತಿತ್ತು. ಇದೇನು ಹುಚ್ಚಾಟ ಎಂದು ಬೈಯಲು ಬಾಯಿ ತೆರೆದಿದ್ದ ಸೆರ್ವಾ ಆ ಸದ್ದು ಕೇಳಿ ತಾನೂ ಚಪ್ಪಾಳೆ ತಟ್ಟಿದಳು.

"ನಾಳೆ ಯಾರದ್ದು?" ಎಂದರು ಆಂಪೊನ್ಸಾ.

ತನಗೇ ಅರಿವಿಲ್ಲದೆ ಸೆರ್ವಾ ಪಕ್ಕದ ಮನೆಯ ಯೆಬೋವಾ ತಾತನ ಕಡೆ ನೋಡಿದಳು. ತಾತ ಕೆಮ್ಮುತ್ತಾ ಕೂತಿದ್ದರು.

"ನಾಳೆ ಆಗಲ್ಲ ಮಗಳೇ, ನಂಗೆ ಉಡಿಸೋ ಬಟ್ಟೆ ಇನ್ನೂ ದರ್ಜಿ ಹತ್ರ ಇದೆ," ಎಂದರು ತಾತ. "ಮುಂದಿನ ಬುಧವಾರ ಖಾಲಿ ಇದ್ರೆ ನನ್ನ ಹೆಸರು ಹಾಕ್ಸು. ನಿನ್ನ ಮೀನು ಕೆಡಬಾರ್ದು ನೋಡು."

ಆಂಪೊನ್ಸಾ ಕೈ ಒರೆಸಿಕೊಂಡು ಬುಧವಾರವನ್ನು ಮಾದರಿಗೆ ಸೇರಿಸಿಕೊಂಡರು.